ಹಳೆಯ ಹಳ್ಳಿ ಕಟ್ಟಡಗಳು: ಚಾವಣಿ ಮತ್ತು ಮರಗೆಲಸ

ಹಳ್ಳಿಗಾಡಿನ ಹಳೆಯ ಕಟ್ಟಡಗಳು ದೇಶದಿಂದ ದೇಶಕ್ಕೆ ಬೇರೆಯಾಗಲು ಹವಾಮಾನವೇ ಮುಖ್ಯ ಕಾರಣ ಎಂಬ ವಿವರಣೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅಮೋಸ್ ರಾಪೊಪೋರ್ಟ್ 1969ರಲ್ಲಿ ಪ್ರಕಟಿಸಿದ 'ಹೌಸ್ ಫಾರ್ಮ್ ಅಂಡ್ ಕಲ್ಚರ್' ಇದನ್ನು ಒಪ್ಪಲಿಲ್ಲ. ಜನರ ಬದುಕಿನ ರೀತಿಗೆ ಅದು ಮೊದಲ ಸ್ಥಾನ ಕೊಟ್ಟಿತು. ಚಾವಣಿಗಳನ್ನು ಹತ್ತಿರದಿಂದ ನೋಡಿದರೆ ರಾಪೊಪೋರ್ಟರ ವಾದಕ್ಕೇ ಬಲ ಬರುತ್ತದೆ.

ಜಪಾನಿನ ಶಿರಕಾವಾ-ಗೊ ಕಣಿವೆಯಲ್ಲೂ ನಾರ್ವೆಯಲ್ಲೂ ಹಿಮ ಹೇರಳ. ಆದರೂ ಶಿರಕಾವಾದ ಹುಲ್ಲಿನ ಚಾವಣಿ ಸುಮಾರು 60 ಡಿಗ್ರಿ ಕಡಿದಾಗಿದೆ. ನಾರ್ವೆಯ ಚಾವಣಿಯ ಇಳಿಜಾರು ಅದಕ್ಕಿಂತ ಎಷ್ಟೋ ಕಡಿಮೆ. ನಾರ್ವೆಯವರು ನೀರು ತಡೆಯಲು ಬರ್ಚ್ ಮರದ ತೊಗಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬೇರುಸಹಿತ ಹುಲ್ಲುಮಣ್ಣಿನ ಹೆಂಟೆ ಹೊದಿಸುತ್ತಿದ್ದರು. ಇಳಿಜಾರು ಹೆಚ್ಚಾದರೆ ಹೆಂಟೆ ಜಾರಿಬೀಳುತ್ತದೆ. ಅದರ ಭಾರವೂ ವ್ಯರ್ಥವಲ್ಲ: ಮೂಲೆಯಲ್ಲಿ ಕಚ್ಚು ಹಾಕಿ ಒಂದರ ಮೇಲೊಂದು ಪೇರಿಸಿದ ದಿಮ್ಮಿಗಳನ್ನು ಅದು ಒತ್ತಿ, ನಡುವೆ ತುರುಕಿದ ಪಾಚಿಯನ್ನು ಬಿಗಿಯಾಗಿಸಿ ಗಾಳಿ ನುಸುಳದಂತೆ ಮಾಡುತ್ತದೆ. ಶಿರಕಾವಾದ ಮಾತೇ ಬೇರೆ. ಅಲ್ಲಿ ಚಾವಣಿಯ ಓರೆತೊಲೆಗಳ ಬುಡವನ್ನು ಮೊನಚಾಗಿ ಕೆತ್ತಿ ಅಡ್ಡತೊಲೆಯ ಕುಳಿಯಲ್ಲಿ ಕೂರಿಸುತ್ತಾರೆ. ಮೊಳೆಯಿಲ್ಲ, ಹುಲ್ಲಿನ ಹಗ್ಗ ಮತ್ತು ಎಳೆಯ ಕೊಂಬೆಗಳ ಬಿಗಿತವೇ ಎಲ್ಲ. ಬುಡವನ್ನು ಹೀಗೆ ಸಡಿಲ ಬಿಟ್ಟಿರುವುದರಿಂದ ಗಾಳಿಗೆ ಚಾವಣಿ ಕೊಂಚ ಓಲಾಡಬಲ್ಲದು. ಜಪಾನಿನ ಹಿಮ ಒದ್ದೆ, ಭಾರ. ನಾರ್ವೆಯದು ಒಣ ಹಿಮವಾದ್ದರಿಂದ ಹೋಲಿಕೆ ಸಲ್ಲದು ಎನ್ನಬಹುದು. ಒಳನಾಡಿನ ಮಟ್ಟಿಗೆ ಈ ಆಕ್ಷೇಪ ನ್ಯಾಯವೇ. ಆದರೆ ಮಳೆ ಹೆಚ್ಚಿರುವ ನಾರ್ವೆಯ ಪಶ್ಚಿಮ ಕರಾವಳಿಯಲ್ಲೂ ಅದೇ ಹುಲ್ಲುಮಣ್ಣಿನ ಚಾವಣಿಯಿತ್ತು. ಶಿರಕಾವಾದ ಎತ್ತರಕ್ಕೆ ರೇಷ್ಮೆಯೂ ಕಾರಣ: ಅಟ್ಟದ ಮೇಲೆ ಅಟ್ಟ ಕಟ್ಟಿ ಹುಳು ಸಾಕಲು ಜಾಗ ಬೇಕಿತ್ತು, ತ್ರಿಕೋನ ಗೋಡೆಯ ಕಿಟಕಿಗಳಿಂದ ಗಾಳಿ ಬೆಳಕು ಬರಬೇಕಿತ್ತು.

ಹಾಗಾದರೆ ಸಿಗುವ ಸಾಮಗ್ರಿಯೇ ರೂಪ ನಿರ್ಧರಿಸುತ್ತದೆಯೆ? ಇಂಗ್ಲೆಂಡ್ ಅದನ್ನೂ ಒಪ್ಪಗೊಡುವುದಿಲ್ಲ. ಬಾಗಿದ ಓಕ್ ಕಾಂಡವನ್ನು ಸೀಳಿ, ಎರಡು ಹೋಳುಗಳನ್ನು ಎದುರುಬದುರು ನಿಲ್ಲಿಸಿ ಕಮಾನಿನಂತೆ ಕೂಡಿಸುವ 'ಕ್ರಕ್' ಚೌಕಟ್ಟು ಪಶ್ಚಿಮ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಧಾರಾಳ. ಎಸೆಕ್ಸ್ ಕಡೆ ಕಾಣುವುದೇ ಇಲ್ಲ. ಓಕ್ ಎರಡೂ ಕಡೆ ಬೆಳೆಯುತ್ತಿತ್ತು, ಬಡಗಿಗಳ ಪರಂಪರೆ ಬೇರೆಯಾಗಿತ್ತು. ಎಸೆಕ್ಸ್‌ನ ಕ್ರೆಸಿಂಗ್ ಟೆಂಪಲ್‌ನಲ್ಲಿ ಟೆಂಪ್ಲರ್ ಪಂಥದವರು ಕಟ್ಟಿಸಿದ ಎರಡು ಉಗ್ರಾಣಗಳು ಅಕ್ಕಪಕ್ಕ ನಿಂತಿವೆ: ಬಾರ್ಲಿಯದು ಸುಮಾರು 1220ರದು, ಗೋಧಿಯದು ಸುಮಾರು 1280ರದು. ಮಣ್ಣು, ಮಳೆ, ಮರ, ಒಡೆತನ ಒಂದೇ ಆದರೂ ಮರ ಕೂಡಿಸಿದ ಬಗೆ ಒಂದೇ ಅಲ್ಲ. ಇಂಥ ಕಟ್ಟಡಗಳ ಕೀಲುಗಳನ್ನು ಒಂದೊಂದಾಗಿ ಚಿತ್ರಿಸಿ ಹೋಲಿಸಿದ ಸೆಸಿಲ್ ಹ್ಯೂವೆಟ್, ಬರಹದ ದಾಖಲೆ ಇಲ್ಲದ ಉಗ್ರಾಣದ ಕಾಲವನ್ನು ಅದರ ಮರಗೆಲಸದಿಂದಲೇ ಅಂದಾಜಿಸುವ ದಾರಿ ತೆರೆದರು.