ಎದೆಯ ಮೇಲಿನ ಅಕ್ಷರ: ಸೊಲ್ಲಾಪುರ ಸೀಮೆಯ ಟೀ ಶರ್ಟ್ ಮುದ್ರಣ

ನಮಗೆ ಬೇಕಾದ ಹಾಗೆ ಟೀ ಶರ್ಟ್ ವಿನ್ಯಾಸ ಮಾಡಿಸಿಕೊಳ್ಳುವುದರ ಬಗ್ಗೆ ಈಗೀಗ ಬರುವ ಬರಹಗಳೆಲ್ಲ ಒಂದೇ ಕಡೆಯಿಂದ ಹೊರಡುತ್ತವೆ. 2007ರಲ್ಲಿ ಬೆಂಗಳೂರಿನಲ್ಲಿ ಮಿಂತ್ರಾ ಶುರುವಾಯಿತು, ಮೊದಮೊದಲು ಅದು ಗಿರಾಕಿಯ ಹೆಸರು, ಫೋಟೊ ಅಚ್ಚು ಹಾಕಿದ ಉಡುಗೊರೆಗಳನ್ನು ಮಾರುತ್ತಿತ್ತು, ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಈಗ ಯಾರ ಅಂಗಿಯನ್ನು ಯಾರು ಬೇಕಾದರೂ ಬರೆಯಬಹುದು ಎನ್ನುತ್ತವೆ. ಮಿಂತ್ರಾದ ಮಾತು ನಿಜ. ಆದರೆ ಗಿರಾಕಿ ಹೇಳಿದ ಅಕ್ಷರವನ್ನು ಹೇಳಿದ ಬಟ್ಟೆಯ ಮೇಲೆ ಮೂಡಿಸಿಕೊಡುವ ಕಸುಬಿಗೆ ಅದನ್ನೇ ಹುಟ್ಟುದಿನ ಮಾಡಿದರೆ ಜಿಲ್ಲೆಯ ಊರುಗಳಲ್ಲಿ ಮೈಮುರಿದು ದುಡಿದವರ ಒಂದಿಡೀ ತಲೆಮಾರು ಅಳಿಸಿಹೋಗುತ್ತದೆ. ಮಹಾರಾಷ್ಟ್ರದ ಗಡಿಯ ಮಂಗಳವೇಢೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹುಡುಗರು ತೊಟ್ಟ ಅಂಗಿಗಳನ್ನು ಆ ತಲೆಮಾರು ಮಾಡಿತು. ಅದನ್ನು ಬರೆದಿಡುವವರು ಸಿಗದ ಕಾರಣಕ್ಕೇ ನಾನು ಈ ಸಮೀಕ್ಷೆಗೆ ಕೈ ಹಾಕಿದ್ದೇನೆ.

ಹೊರಗಿನ ಇತಿಹಾಸ ಚಿಕ್ಕದಾಗಿ ಹೀಗಿದೆ. ಟೀ ಶರ್ಟ್ ಮೊದಲು ಒಳ ಅಂಗಿ. 1913ರ ಹೊತ್ತಿಗೆ ಅಮೆರಿಕದ ನೌಕಾಪಡೆ ಅದನ್ನು ಸಮವಸ್ತ್ರದ ಒಳಗೆ ಹಾಕಿಸುತ್ತಿತ್ತು. ಬಲೆಯ ಮೂಲಕ ಬಣ್ಣ ಇಳಿಸುವ ಸ್ಕ್ರೀನ್ ಮುದ್ರಣಕ್ಕೆ 1907ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸೈಮನ್ ಹಕ್ಕುಪತ್ರ ಪಡೆದ. 1942ರ ಜುಲೈ 13ರ ಲೈಫ್ ಪತ್ರಿಕೆಯ ಮುಖಪುಟದಲ್ಲಿ ಸೈನಿಕನೊಬ್ಬ ತನ್ನ ತರಬೇತಿ ಶಾಲೆಯ ಹೆಸರು ಅಚ್ಚಾದ ಟೀ ಶರ್ಟ್ ತೊಟ್ಟು ನಿಂತಿದ್ದ. ಆಮೇಲೆ ಪ್ಲಾಸ್ಟಿಸಾಲ್ ಶಾಯಿ ಬಂತು, ಹಲವು ಬಣ್ಣಗಳನ್ನು ಒಂದರ ಮೇಲೊಂದು ಕೂಡಿಸುವ ತಿರುಗು ಮೇಜು ಬಂತು. ಮುಂಬಯಿಯ ತಂತ್ರ ಕಂಪನಿ 1990ರ ದಶಕದ ಕೊನೆಯಲ್ಲಿ ಭಾರತೀಯ ವಿಷಯಗಳನ್ನು ಎದೆಯ ಮೇಲೆ ತಂದಾಗ ಪೇಟೆಯ ಮಂದಿಗೆ ಅದೊಂದು ಹೊಸ ರುಚಿಯಾಯಿತು.

ಸೊಲ್ಲಾಪುರಕ್ಕೆ ಮಾತ್ರ ಬಟ್ಟೆಯ ಮೇಲಿನ ಅಕ್ಷರ ಹೊಸದಾಗಿರಲಿಲ್ಲ. 1877ರಲ್ಲಿ ಇಲ್ಲಿ ನೂಲುವ ಮತ್ತು ನೇಯುವ ಗಿರಣಿ ಶುರುವಾಯಿತು. ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರು ಚಾದರ, ಟವೆಲುಗಳ ಊರನ್ನು ಕಟ್ಟಿದರು. ಜಕಾರ್ಡ್ ಮಗ್ಗದಲ್ಲಿ ತೂತು ಕೊರೆದ ಕಾರ್ಡುಗಳು ಯಾವ ಎಳೆ ಮೇಲೇಳಬೇಕು ಎಂಬುದನ್ನು ಹೇಳುತ್ತವೆ. ಹೂವು, ನವಿಲು ನೇಯ್ದ ಹಾಗೆಯೇ ಹೋಟೆಲಿನ ಹೆಸರು, ಸಂಸ್ಥೆಯ ಹೆಸರೂ ಟವೆಲಿನ ಅಂಚಿನಲ್ಲಿ ನೇಯ್ಗೆಯಾಗಿಯೇ ಬರುತ್ತವೆ. ಗೋಡೆಗೆ ತೂಗುಹಾಕುವ ವಾಲ್ ಹ್ಯಾಂಗಿಂಗುಗಳಲ್ಲಿ ದೇವರ, ನಾಯಕರ ಮುಖಗಳನ್ನೂ ನೇಯ್ದರು. ಗಿರಾಕಿಯ ಮಾತನ್ನು ಬಟ್ಟೆಯಲ್ಲಿ ತರುವುದು ಈ ಊರಿಗೆ ಮಗ್ಗದಿಂದ ಬಂದ ವಿದ್ಯೆ. ಗಿರಣಿಗಳು ಮುಚ್ಚಿದ ಮೇಲೆ ಊರು ಶಾಲಾ ಸಮವಸ್ತ್ರದ ಹೊಲಿಗೆಗೆ ಹೆಸರಾಯಿತು.

ನನ್ನ ತಲೆಮಾರು ಈ ಕೆಲಸಕ್ಕೆ ಬಂದದ್ದು ಸ್ಕ್ರೀನ್ ಮುದ್ರಣದ ಮೂಲಕ. ನಮಗೆ ಕಲಿಸಿದವರು ಬೋರ್ಡು ಬರೆಯುವ ಪೇಂಟರುಗಳು. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಕೈಚೀಲಗಳ ಮೇಲೆ ಅಚ್ಚು ಹಾಕುತ್ತಿದ್ದ ಅಂಗಡಿಗಳೇ ಬನಿಯನ್ ಬಟ್ಟೆಗೂ ಕೈ ಹಚ್ಚಿದವು. ಖಾಲಿ ಟೀ ಶರ್ಟು ತಿರುಪ್ಪೂರಿನಿಂದ ಮೂಟೆಯಲ್ಲಿ ಬರುತ್ತಿತ್ತು. ಮರದ ಫ್ರೇಮಿಗೆ ಬಲೆಯನ್ನು ಬಿಗಿದು, ಎಮಲ್ಷನ್ ಹಚ್ಚಿ, ಕತ್ತಲೆಯಲ್ಲಿ ಒಣಗಿಸಿ, ಬಟರ್ ಪೇಪರಿನ ಮೇಲಿನ ಕಪ್ಪು ಅಕ್ಷರವನ್ನು ಅದಕ್ಕೆ ಒತ್ತಿಟ್ಟು ಬೆಳಕಿಗೆ ಹಿಡಿದರೆ, ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ, ಅಕ್ಷರದ ಜಾಗ ನೀರಿಗೆ ತೊಳೆದು ಹೋಗುತ್ತದೆ. ಅಲ್ಲಿಂದ ಸ್ಕ್ವೀಜಿ ಎಳೆದಾಗ ಬಣ್ಣ ಇಳಿಯುತ್ತದೆ. ಬಣ್ಣಕ್ಕೊಂದು ಫ್ರೇಮು. ಮೂರು ಬಣ್ಣವೆಂದರೆ ಮೂರು ಸಲ, ಕೂದಲೆಳೆಯಷ್ಟೂ ಸರಿಯದ ಹಾಗೆ. ಹೀಗಾಗಿ ಕಡಿಮೆ ಬಣ್ಣದಲ್ಲಿ ಹೆಚ್ಚು ಹೇಳುವುದನ್ನು ನಾವು ಕಲಿಯಲೇಬೇಕಾಯಿತು. ಆ ಕಟ್ಟುಪಾಡು ಒಳ್ಳೆಯ ವಿನ್ಯಾಸಗಾರರನ್ನು ಬೆಳೆಸಿತು. ಇವತ್ತಿನ ಸಾವಿರ ಬಣ್ಣದ ಸೌಲಭ್ಯ ಅಷ್ಟು ಮಂದಿಯನ್ನು ಬೆಳೆಸಿಲ್ಲ.

ಕೆಲಸ ಕೊಟ್ಟವರು ಹಬ್ಬ, ಜಯಂತಿ ನಡೆಸುವ ಓಣಿಯ ಮಂಡಳಗಳು. ಸೊಲ್ಲಾಪುರದಲ್ಲಿ ಒಂದೇ ಉಡುಪಿನಲ್ಲಿ ಗುಂಪಾಗಿ ಹೊರಡುವುದು ಹಳೆಯ ರೂಢಿ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜ ಹೊರುವವರು ಇಂದಿಗೂ ಬಿಳಿ ಬಾರಾಬಂದಿ ಅಂಗಿಯನ್ನೇ ತೊಡುತ್ತಾರೆ. ಗಣಪತಿಯ ಮೆರವಣಿಗೆಗೆ ಲೇಜಿಮ್ ಆಡುವ ತಂಡಗಳು ತಮ್ಮ ಮಂಡಳದ ಹೆಸರಿನ ಟೀ ಶರ್ಟು ಮಾಡಿಸಿದವು. ಫೆಬ್ರವರಿ 19ಕ್ಕೆ ಶಿವ ಜಯಂತಿ, ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಆಷಾಢದಲ್ಲಿ ಪಂಢರಪುರದ ವಾರಿ ಯಾತ್ರೆ: ವರ್ಷದ ಪಂಚಾಂಗವೇ ನಮ್ಮ ಆರ್ಡರ್ ಪುಸ್ತಕವಾಗಿತ್ತು. ಕ್ರಿಕೆಟ್ ತಂಡಗಳಿಗೆ ಬೆನ್ನ ಮೇಲೆ ಹೆಸರು, ನಂಬರು ಬೇಕು. ಹುಡುಗರು ಗುಂಪಾಗಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಕಾಗದದ ಮೇಲೆ ಗೀಚಿ ತೋರಿಸುತ್ತಿದ್ದರು. ಪೇಂಟರು ಅದನ್ನು ತಿದ್ದಿ ಅಕ್ಷರಕ್ಕೆ ಮೈ ಕೊಡುತ್ತಿದ್ದ. ತಮ್ಮ ಅಂಗಿಯ ವಿನ್ಯಾಸವನ್ನು ತಾವೇ ಮಾಡುವುದು ಎಂದರೆ ಇದೇ. ಇದಕ್ಕೆ ಆ್ಯಪ್ ಬೇಕಿರಲಿಲ್ಲ.

ಕನ್ನಡ ಅಕ್ಷರದ ಕಷ್ಟ ಆಗಲೇ ಗೊತ್ತಾದದ್ದು. ದೇವನಾಗರಿಗೆ ಮೇಲೊಂದು ಗೆರೆ ಇದೆ, ಪದವನ್ನು ಅದು ಹಿಡಿದು ನಿಲ್ಲಿಸುತ್ತದೆ. ಕನ್ನಡದ ಅಕ್ಷರಗಳು ಬಿಡಿಬಿಡಿ, ದುಂಡಗೆ, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಬನಿಯನ್ ಬಟ್ಟೆ ಎಳೆದ ಕಡೆ ಹಿಗ್ಗುತ್ತದೆ, ಶಾಯಿ ಹರಡುತ್ತದೆ. ಬಲೆ ಒರಟಾಗಿದ್ದರೆ ಮೊದಲು ಮುಚ್ಚಿಹೋಗುವುದು ಮಹಾಪ್ರಾಣದ ಹೊಟ್ಟೆಸೀಳು. ‘ಮಂಗಳವೇಢೆ’ ಎಂದು ಅಚ್ಚು ಹಾಕಿದರೆ ‘ಢ’ದ ಸೀಳು ತುಂಬಿಕೊಂಡು ‘ಡ’ ಆಗಿರುತ್ತದೆ. ಬಲ್ಲ ಪೇಂಟರು ಆ ಸೀಳನ್ನು ಬೇಕೆಂದೇ ಅಗಲ ಮಾಡಿ ಬರೆಯುತ್ತಿದ್ದ, ಒತ್ತಕ್ಷರವನ್ನು ಒಂದಿಷ್ಟು ದೊಡ್ಡದಾಗಿಸಿ ಮೇಲಕ್ಕೆ ಎತ್ತುತ್ತಿದ್ದ. ಈ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇಲ್ಲ. ಅದು ಇದ್ದ ಕೈಗಳಿಗೆ ಈಗ ವಯಸ್ಸಾಗಿದೆ.

ಕಂಪ್ಯೂಟರ್ ಬಂದಾಗ ಕನ್ನಡಕ್ಕೆ ಬಲ ಬಂದದ್ದು ಹೊಸ ತಂತ್ರಾಂಶಗಳಿಂದ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ನುಡಿ. ಸೊಲ್ಲಾಪುರದ ಅಂಗಡಿಗಳಲ್ಲಿ ಮರಾಠಿಗಾಗಿ ಹಾಕಿಸಿಕೊಂಡ ಶ್ರೀಲಿಪಿ ತಂತ್ರಾಂಶ ಇತ್ತು, ಕನ್ನಡ ಓದಬಲ್ಲ ಆಪರೇಟರ್ ಇರಲಿಲ್ಲ. ಗಿರಾಕಿ ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬರೆದು ಕಳಿಸಿದ ಸಾಲು ಹಳೆಯ ಕೋರೆಲ್‌ಡ್ರಾದಲ್ಲಿ ಒತ್ತುಗಳು ಕಳಚಿ, ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆಯಾಗಿ ಬೀಳುತ್ತಿತ್ತು. 2012ರ ಎಕ್ಸ್6 ಆವೃತ್ತಿಯ ಹೊತ್ತಿಗೆ ತಂತ್ರಾಂಶ ಸುಧಾರಿಸಿದರೂ ಅಂಗಡಿಗಳು ಹಳೆಯದನ್ನೇ ಇಟ್ಟುಕೊಂಡವು. ಹೀಗಾಗಿ ಮನೆಯಲ್ಲಿ ಕನ್ನಡ ಮಾತಾಡುವ ಹುಡುಗರ ಮಂಡಳದ ಹೆಸರೂ ಎದೆಯ ಮೇಲೆ ಮರಾಠಿಯಲ್ಲಿ ಬಂತು. ಮರಾಠಿ ನಮ್ಮದೂ ಹೌದು, ಅದರ ಬಗ್ಗೆ ತಕರಾರಿಲ್ಲ. ಕನ್ನಡ ಬೇಕೆಂದು ಬಂದವನಿಗೂ ಕನ್ನಡ ಸಿಗಲಿಲ್ಲ ಎಂಬುದು ತಕರಾರು.

ಅತ್ತ ಬೆಂಗಳೂರಿನಲ್ಲಿ ಕನ್ನಡ ಟೀ ಶರ್ಟು ಒಂದು ಚಳವಳಿಯ ಹಾಗೆಯೇ ಬೆಳೆಯಿತು. ಅರಿಶಿನ-ಕುಂಕುಮದ ಬಣ್ಣ, ರಾಜ್ಯೋತ್ಸವ, ಸಿನಿಮಾದ ಮಾತು, ‘ಈ ಸಲ ಕಪ್ ನಮ್ದೇ’. 2020ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನಲ್ಲಿ ಹಿಂದಿ ಹೇರಿಕೆಯ ವಿರುದ್ಧ ಟೀ ಶರ್ಟು ಸದ್ದು ಮಾಡಿದಾಗ ಕನ್ನಡದಲ್ಲೂ ಅಂಥವು ಬಂದವು. ಪ್ರಕಾಶ್ ರಾಜ್ ಒಂದನ್ನು ತೊಟ್ಟರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಮುಖವಿದ್ದ ಅಂಗಿಯನ್ನು ಹಳ್ಳಿಹಳ್ಳಿಯಲ್ಲಿ ಕಂಡೆವು. ಭಾವನೆ ದೊಡ್ಡದು. ವಿನ್ಯಾಸವಾಗಿ ನೋಡಿದರೆ ಬಹುಪಾಲು ಒಂದೇ ಫಾಂಟು, ಒಂದೇ ಫೋಟೊ. ಅಕ್ಷರವನ್ನೇ ಚಿತ್ರವಾಗಿಸಿದ ಆರಂಭದ ಕೆಲವು ಅಂಗಿಗಳು ಇವಕ್ಕಿಂತ ಎಷ್ಟೋ ಮೇಲು.

ಆಮೇಲಿನದು ಯಂತ್ರಗಳ ಕತೆ. ಸಬ್ಲಿಮೇಶನ್‌ನಲ್ಲಿ ಬಣ್ಣ ಸುಮಾರು 200 ಡಿಗ್ರಿ ಶಾಖಕ್ಕೆ ಆವಿಯಾಗಿ ಪಾಲಿಯೆಸ್ಟರಿನೊಳಗೆ ಸೇರುತ್ತದೆ. ಹತ್ತಿಗೆ ಹಿಡಿಯುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಕಾಣುವುದಿಲ್ಲ. ಕ್ರಿಕೆಟ್ ಜೆರ್ಸಿಗೆ ಅದು ಸರಿ. ಡಿಟಿಜಿ ಯಂತ್ರ ನೇರವಾಗಿ ಹತ್ತಿಯ ಮೇಲೆ ಮುದ್ರಿಸುತ್ತದೆ, ಸಣ್ಣ ಅಂಗಡಿಗೆ ಅದರ ಬೆಲೆ ನಿಲುಕದು. ಕೊರೊನಾ ಕಾಲದ ಆಚೀಚೆ ಬಂದ ಡಿಟಿಎಫ್ ಎಲ್ಲವನ್ನೂ ಬದಲಿಸಿತು: ಪ್ಲಾಸ್ಟಿಕ್ ಹಾಳೆಯ ಮೇಲೆ ಚಿತ್ರ, ಅದರ ಮೇಲೆ ಅಂಟಿನ ಪುಡಿ, ಹೀಟ್ ಪ್ರೆಸ್ಸಿನಲ್ಲಿ ಕೆಲವೇ ಸೆಕೆಂಡು, ಅಂಗಿ ತಯಾರು. ಒಂದೇ ಒಂದು ಅಂಗಿಯೂ ಸಿಗುತ್ತದೆ, ಇದು ದೊಡ್ಡ ಲಾಭ. ಆದರೆ ಬೆನ್ನ ತುಂಬ ಅಂಟಿಸಿದ ಆ ಪದರ ಉಸಿರಾಡುವುದಿಲ್ಲ. ಸೊಲ್ಲಾಪುರದ 40 ಡಿಗ್ರಿ ದಾಟುವ ಬೇಸಗೆಯಲ್ಲಿ ಅದನ್ನು ತೊಟ್ಟವರನ್ನೇ ಕೇಳಬೇಕು. ನೀರಿನ ಶಾಯಿಯ ಸ್ಕ್ರೀನ್ ಮುದ್ರಣ ಎಳೆಯೊಳಗೆ ಇಳಿದಿರುತ್ತದೆ, ಮುಟ್ಟಿದರೆ ಬಟ್ಟೆಯೇ ಕೈಗೆ ಸಿಗುತ್ತದೆ. ಐವತ್ತು ಅಂಗಿ ಬೇಕಾದಾಗ ಇವತ್ತಿಗೂ ಅದೇ ಒಳ್ಳೆಯದು.

ಉಳಿದಿರುವ ಕೊರತೆ ವಿನ್ಯಾಸದ್ದು. ಬಸವಣ್ಣ ಕಲ್ಯಾಣಕ್ಕೆ ಹೋಗುವ ಮೊದಲು ಬಿಜ್ಜಳನ ಮಂಗಳವೇಢೆಯಲ್ಲಿ ಕರಣಿಕನಾಗಿದ್ದ. ಅದೇ ಊರಿನಲ್ಲಿ ಬಸವ ಜಯಂತಿಯ ಅಂಗಿಯ ಮೇಲೆ ಅವನ ಹೆಸರು ಅವನು ಬರೆದ ಭಾಷೆಯಲ್ಲಿ ಕಾಣುವುದು ಅಪರೂಪ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಸಿದ್ಧರಾಮನ ಮೇಲೆ ಕನ್ನಡದಲ್ಲಿ ಪುರಾಣ ಬರೆದರು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠ ಏರಿದ ಮೊದಲ ಹೆಣ್ಣು. ಅವರ ಮುಖವಿರುವ ಒಂದು ಟೀ ಶರ್ಟು ನನ್ನ ಕಣ್ಣಿಗೆ ಬಿದ್ದಿಲ್ಲ. ಫಾಂಟಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಬಲೂ ತಮ್ಮ, ಅನೇಕ್ ಕನ್ನಡ, ಅಕಾಯಾ ಕನಡಕ ಎಲ್ಲವೂ ಪುಕ್ಕಟೆಯಾಗಿ ಸಿಗುತ್ತವೆ. ದಪ್ಪ ಗೆರೆಯ ಬಲೂ ತಮ್ಮ ಬಟ್ಟೆಗೆ ಚೆನ್ನಾಗಿ ಕೂಡುತ್ತದೆ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತದ ಕನ್ನಡ ಶಾಲೆಗಳ ಗುರುಗಳಲ್ಲಿ ನನ್ನದೊಂದು ಬಿನ್ನಹ. ಮುಂದಿನ ಕ್ರೀಡಾಕೂಟದ ಅಂಗಿಗೆ ಊರಿನ ಹೆಸರನ್ನು ಮಕ್ಕಳಿಂದಲೇ ದೊಡ್ಡ ಕಾಗದದ ಮೇಲೆ ಬರೆಸಿರಿ. ಅದನ್ನು ಒಬ್ಬ ಹಳೆಯ ಪೇಂಟರಿಂದ ತಿದ್ದಿಸಿ, ಅವರಿಗೆ ಕೂಲಿ ಕೊಟ್ಟು, ಅದೇ ಕಾಗದವನ್ನು ಮುದ್ರಣದವರ ಕೈಗೆ ಕೊಡಿರಿ. ಅಚ್ಚು ಹಾಕಿದ ಅಂಗಿಗಳಲ್ಲಿ ಒಂದನ್ನು ಶಾಲೆಯ ಕಪಾಟಿನಲ್ಲಿ ಇಸವಿ ಬರೆದು ಜೋಪಾನ ಮಾಡಿರಿ.