ತಾತ್ಕಾಲಿಕ ಗತಿ: ಭಾಸ್ಕರಾಚಾರ್ಯರು ಇಟ್ಟ ಹೆಜ್ಜೆ



ಎಯ್ಟ್ ಮೈಲ್ ಪ್ಲೇನ್ಸ್‌ನ ನಮ್ಮ ಮನೆಗಳಲ್ಲಿ ಮಕ್ಕಳು ಕಲನಶಾಸ್ತ್ರದ ಲೆಕ್ಕ ಮಾಡಲು ಕುಳಿತಾಗ, "ಇದನ್ನೆಲ್ಲ ನಮ್ಮವರು ಎಂದೋ ಕಂಡುಹಿಡಿದಿದ್ದರು" ಎಂದು ನಾವು ಹೇಳುವುದುಂಟು. ಮಕ್ಕಳು ನಕ್ಕು ಸುಮ್ಮನಾಗುತ್ತಾರೆ. ಆ ಮಾತಿನಲ್ಲಿ ಸತ್ಯವೆಷ್ಟು, ಅಭಿಮಾನವೆಷ್ಟು ಎಂಬುದನ್ನು ಇಂದು ಪರಿಶೀಲಿಸೋಣ.

ಮೊದಲು ಲೆಕ್ಕ. ನಿಂತಲ್ಲಿಂದ ಹೊರಟ ಕಾರೊಂದರ ಸ್ಥಾನಪಲ್ಲಟವು, ಮೀಟರುಗಳಲ್ಲಿ, ಸೆಕೆಂಡುಗಳ ವರ್ಗಕ್ಕೆ ಸಮವೆನ್ನೋಣ. 3 ಸೆಕೆಂಡಿಗೆ 9 ಮೀಟರು, 4 ಸೆಕೆಂಡಿಗೆ 16. ನಡುವಣ ಸರಾಸರಿ ವೇಗ ಸೆಕೆಂಡಿಗೆ 7 ಮೀಟರು. ಮೂರನೆಯ ಸೆಕೆಂಡಿನಿಂದ ಮುಂದಿನ ಅವಧಿಯನ್ನು 0.1 ಸೆಕೆಂಡಿಗೆ ಇಳಿಸಿದರೆ 6.1, 0.01ಕ್ಕೆ ಇಳಿಸಿದರೆ 6.01. ಅವಧಿಯು ಸೊನ್ನೆಯನ್ನು ಸಮೀಪಿಸಿದಂತೆ ಉತ್ತರವು 6ನ್ನು ಸಮೀಪಿಸುತ್ತದೆ. ಅದೇ ಆ ಕ್ಷಣದ ವೇಗ. ಈ ಕ್ರಿಯೆಯೇ ಅವಕಲನ. ಯಾವ ಕ್ಷಣದಲ್ಲಿಯೂ ವೇಗವು ಕಾಲದ ಎರಡರಷ್ಟು. ವೇಗವನ್ನು ಮತ್ತೊಮ್ಮೆ ಅವಕಲಿಸಿದರೆ ದೊರೆಯುವುದು ವೇಗೋತ್ಕರ್ಷ. ಇಲ್ಲಿ ಅದು 2.

1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು 1150ರಲ್ಲಿ 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದರು. ಅವರ ಮುಂದಿದ್ದ ಸಮಸ್ಯೆ ಚಂದ್ರನದು. ಇಂದಿನ ಸ್ಥಾನಕ್ಕೂ ನಾಳಿನ ಸ್ಥಾನಕ್ಕೂ ಇರುವ ಅಂತರವು ಕೇವಲ ಸ್ಥೂಲಗತಿ. ಚಂದ್ರನ ವೇಗವು ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಸಮೀಪದ ತಿಥಿಯ ಅಂತ್ಯವನ್ನು ನಿಖರವಾಗಿ ತಿಳಿಯಲು ಅದು ಸಾಲದು. 'ತಾತ್ಕಾಲಿಕ ಗತಿ', ಎಂದರೆ ಆ ಕ್ಷಣದ ವೇಗವೇ ಬೇಕು. ಅದಕ್ಕಾಗಿ ಅವರು, ಜ್ಯಾದಲ್ಲಿ ಆಗುವ ಅತ್ಯಲ್ಪ ಬದಲಾವಣೆಯು ಕೋಟಿಜ್ಯಾಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಬಳಸಿದರು. ಸೈನ್‌ನ ಅವಕಲನವು ಕೊಸೈನ್ ಎಂದು ನಮ್ಮ ಮಕ್ಕಳು ಕಲಿಯುವುದು ಇದನ್ನೇ. ಇದರ ಬೀಜವು 932ರ ಸುಮಾರಿನ ಮಂಜುಲಾಚಾರ್ಯರ 'ಲಘುಮಾನಸ'ದಲ್ಲಿಯೇ ಇದೆ.

ಹಾಗಾದರೆ ಅವಕಲನ ನಮ್ಮದೇ? 1858ರಲ್ಲಿ ಕಾಶಿಯ ಬಾಪೂದೇವ ಶಾಸ್ತ್ರಿಗಳು ಹೌದೆಂದು ವಾದಿಸಿದರು. 1860ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಸ್ಪಾಟಿಸ್‌ವುಡ್ ಸಾಮ್ಯವನ್ನು ಒಪ್ಪಿದರೂ ಪೂರ್ಣವಾಗಿ ಸಮ್ಮತಿಸಲಿಲ್ಲ. ನಮಗೆ ತೋರುವುದಿಷ್ಟು: ಕ್ಷಣದ ವೇಗವೆಂಬ ಕಲ್ಪನೆ ಭಾಸ್ಕರರಲ್ಲಿ ನಿಸ್ಸಂದೇಹವಾಗಿ ಇದೆ. ಆದರೆ ಯಾವುದೇ ಚಲನೆಗೂ ಅನ್ವಯಿಸುವ ಸಾಮಾನ್ಯ ವಿಧಾನವಾಗಲಿ, ವೇಗವನ್ನೇ ಮತ್ತೆ ಅವಕಲಿಸಿ ವೇಗೋತ್ಕರ್ಷವನ್ನು ಪಡೆಯುವ ಹೆಜ್ಜೆಯಾಗಲಿ ಅಲ್ಲಿಲ್ಲ. ಅವು ಹದಿನೇಳನೆಯ ಶತಮಾನದ ನ್ಯೂಟನ್ ಮತ್ತು ಲೈಬ್ನಿಜ್‌ರಿಂದ ಬೆಳೆದವು.

ಅವರ ಊರಿನ ವಿಷಯದಲ್ಲಿಯೂ ಇಂಥದೇ ಎಚ್ಚರ ಅಗತ್ಯ. ಸಹ್ಯಾದ್ರಿಯ ಬಳಿಯದೆಂದು ಅವರೇ ಹೇಳಿದ ವಿಜ್ಜಡವಿಡವು ನಮ್ಮ ವಿಜಯಪುರವೆಂದು ಹಲವರ ಮತ. ಆದರೆ ಅವರ ಗ್ರಂಥಗಳ ಅಧ್ಯಯನಕ್ಕೆ ಮೊಮ್ಮಗ ಚಾಂಗದೇವನು ಮಠ ಸ್ಥಾಪಿಸಿದುದನ್ನು ಸಾರುವ ಶಾಸನವಿರುವುದು ಮಹಾರಾಷ್ಟ್ರದ ಪಾಟಣದಲ್ಲಿ.

ಯುಗಾದಿಯ ದಿನವನ್ನು ನಿಶ್ಚಯಿಸಲು ಬ್ರಿಸ್ಬೇನ್‌ನಲ್ಲಿ ನಾವು ಪಂಚಾಂಗ ತೆರೆದಾಗ ಎದುರಾಗುವುದೂ ತಿಥಿ ಮುಗಿಯುವ ಆ ಕ್ಷಣದ ಪ್ರಶ್ನೆಯೇ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೋರಿಸೋಣ. "ಎಲ್ಲವೂ ನಮ್ಮದು" ಎಂದರೆ ಅವರು ನಗುತ್ತಾರೆ. "ಈ ಹೆಜ್ಜೆ ನಮ್ಮದು" ಎಂದರೆ ಲೆಕ್ಕ ಮಾಡಿ ನೋಡುತ್ತಾರೆ.