ಬಾತಿನ ಬಣ್ಣ, ಬಯಲುಸೀಮೆಯ ಬೆಳಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದ ಕೂಡಲೇ ಹೊರಗಿನವರ ಕಣ್ಣಿಗೆ ಕಟ್ಟುವುದು ಬಿಸಿಲು, ಕಲ್ಲುಗುಡ್ಡ, ಜಾಲಿಮುಳ್ಳು. ಈ ಸೀಮೆಯ ಕೆರೆಗಳಿಗೆ ಚಳಿಗಾಲದಲ್ಲಿ ಬಣ್ಣಬಣ್ಣದ ಕಾಡುಬಾತುಗಳು ಬರುತ್ತವೆ, ಅವುಗಳ ಫೋಟೋ ತೆಗೆಯಲು ದೂರದಿಂದ ಜನ ಬರುತ್ತಾರೆ ಎಂದರೆ ನೆಂಟರು ನಗುತ್ತಾರೆ. ಆದರೆ ನಿಜ. ಆ ಬಣ್ಣ ಚಿತ್ರಕ್ಕೆ ಇಳಿಯಲು ನಮ್ಮಲ್ಲಿ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ನಾವು ಶಾಲೆಯಲ್ಲಿ ಪಾಠ ಮಾಡುವ ಚರಿತ್ರೆಯಲ್ಲಿ ಈ ಕಥೆ ಬರುವುದಿಲ್ಲ.

ಕ್ಯಾಮೆರಾ ಮಾತ್ರ ನಮ್ಮ ಕಡೆ ಬೇಗನೇ ಬಂತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಹಂಪಿಯ ಗುಡಿಗೋಪುರಗಳ ಚಿತ್ರಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ. ಆ ಕಾಗದಕ್ಕೆ ಬೆಳಕು ಹತ್ತಲು ಬಹಳ ಹೊತ್ತು ಬೇಕು. ಕಲ್ಲಿನ ರಥ ಕದಲದೆ ನಿಂತಿತು, ಚಿತ್ರವಾಯಿತು. ಪಕ್ಕದ ತುಂಗಭದ್ರೆಯಲ್ಲಿ ಬಾತು ಈಜುತ್ತಿದ್ದರೂ ಆ ಕಾಗದದ ಪಾಲಿಗೆ ಅದು ಇಲ್ಲದ ಹಾಗೆಯೇ.

ಬಾತನ್ನು ಕೈಯಲ್ಲಿ ಹಿಡಿದು ನೋಡಬೇಕೆಂದವರು ಆಗ ಬಂದೂಕು ಎತ್ತುತ್ತಿದ್ದರು. ಸಾಹೇಬರು ಊಟದ ಮೇಜಿಗಾಗಿ ಹೊಡೆದರು, ಪಕ್ಷಿಶಾಸ್ತ್ರಜ್ಞರು ಚರ್ಮ ಸುಲಿದು ಅರಳೆ ತುಂಬಿ ಸಂಗ್ರಹಾಲಯದಲ್ಲಿಡಲು ಹೊಡೆದರು. ನಮ್ಮ ಆಡುಮಾತಿನಲ್ಲಿ ಇಂದಿಗೂ ಹಕ್ಕಿಗೂ "ಹೊಡಿ", ಫೋಟೋಕ್ಕೂ "ಹೊಡಿ"! ಇಂಗ್ಲೆಂಡಿನಲ್ಲಿ ಕೀರ್ಟನ್ ಸಹೋದರರು 1890ರ ದಶಕದಲ್ಲೇ ಹಕ್ಕಿಗಳ ಬೆನ್ನು ಹತ್ತಿ ಕ್ಯಾಮೆರಾ ಹೊತ್ತು ತಿರುಗಿದರು. ಹಕ್ಕಿ ಬೆದರಬಾರದೆಂದು ಒಳಗೆ ಟೊಳ್ಳಾದ ಎತ್ತಿನ ಬೊಂಬೆ ಮಾಡಿಸಿ ಅದರ ಹೊಟ್ಟೆಯೊಳಗೆ ಕೂತರು. ನಮ್ಮ ದೇಶದಲ್ಲಿ ಲೈಸೆನ್ಸ್ ಪಡೆದು ಬಾತು ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯ ನಂತರವೂ ಉಳಿದಿತ್ತು. 1991ರ ತಿದ್ದುಪಡಿಯಿಂದ ಅದೂ ನಿಂತಿತು.

ನಮ್ಮ ನೆರೆಯ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರನ್ನು ಇಲ್ಲಿ ನೆನೆಯಲೇಬೇಕು. ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, 2011ರಲ್ಲಿ ತೀರಿಕೊಂಡರು. ಕಡತಗಳ ನಡುವೆ ಬಿಡುವು ಮಾಡಿಕೊಂಡು ಕಾಡಿಗೆ ಹೋಗಿ ಕಪ್ಪು-ಬಿಳುಪಿನಲ್ಲಿ ವನ್ಯಜೀವಿಗಳನ್ನು ತೆಗೆದರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶ್ಯಾಡೋಸ್', ಬಿಸಿಲು ಮತ್ತು ನೆರಳು. ಕಪ್ಪು-ಬಿಳುಪಿನಲ್ಲಿ ಬೆಳಕೇ ಬಣ್ಣ. ಆದರೆ ಬಾತಿಗೆ ಅಷ್ಟು ಸಾಲದು ಎಂದು ನನಗನ್ನಿಸುತ್ತದೆ.

ಯಾಕೆಂದರೆ ಬಾತಿನ ಬಣ್ಣದಲ್ಲಿ ಒಂದು ಗುಟ್ಟಿದೆ. ಅಂಗಡಿಯಲ್ಲಿ ರೇಷ್ಮೆ ಸೀರೆ ಆರಿಸುವಾಗ ನಾವು ಟ್ಯೂಬ್‌ಲೈಟನ್ನು ನಂಬುತ್ತೇವೆಯೇ? ಬಾಗಿಲಿಗೆ ತಂದು, ಬಿಸಿಲಿಗೆ ಹಿಡಿದು, ಸೆರಗನ್ನು ಆ ಕಡೆ ಈ ಕಡೆ ತಿರುಗಿಸುತ್ತೇವೆ. ಹಾಸಿಗೊಂದು ಹೊಕ್ಕಿಗೊಂದು ಬಣ್ಣ ಹಾಕಿ ನೇಯ್ದ ಸೀರೆ ಒಮ್ಮೆ ಹಸಿರು, ಒಮ್ಮೆ ನೀಲಿ ಹೊಡೆಯುತ್ತದೆ. ಸಲಿಕೆಯಂಥ ಅಗಲ ಕೊಕ್ಕಿರುವ, ಪುಸ್ತಕದವರು ಶೊವೆಲರ್ ಎನ್ನುವ ಗಂಡುಬಾತಿನ ತಲೆಯೂ ಹೀಗೆಯೇ. ಆ ಹಸಿರು ಪುಕ್ಕಕ್ಕೆ ಬಳಿದ ಬಣ್ಣವಲ್ಲ. ಪುಕ್ಕದ ಎಳೆಗಳೊಳಗಿನ ಅತಿ ಸೂಕ್ಷ್ಮ ಪದರಗಳಿಗೆ ಬೆಳಕು ತಾಗಿ ಮರಳುವಾಗ ಹುಟ್ಟುವ ಹೊಳಪು. ಸೂರ್ಯ ನೋಡುವವರ ಬೆನ್ನಿಗಿದ್ದರೆ ಪಚ್ಚೆ; ಬಾತು ಕತ್ತು ಹೊರಳಿಸಿದರೆ ನೇರಳೆ; ಸೂರ್ಯ ಎದುರಾದರೆ ಬರಿಯ ಕಪ್ಪು. ಅದೇ ಹಕ್ಕಿಯ ಎದೆ ಬೆಳ್ಳಗೆ, ಪಕ್ಕೆ ಕೆಂಗಂದು. ಎದೆಗೆ ಹೊಂದುವಂತೆ ಬೆಳಕು ಇಟ್ಟರೆ ತಲೆ ಮಸಿ, ತಲೆಗೆ ಇಟ್ಟರೆ ಎದೆ ಸುಣ್ಣ ಬಳಿದ ಗೋಡೆ.

1935ರಲ್ಲಿ ಕೊಡಾಕ್ರೋಮ್ ಫಿಲ್ಮು ಬಂದಾಗ ಜಗತ್ತು ಬಣ್ಣಕ್ಕೆ ಮರುಳಾಯಿತು. ಆದರೆ ಅಂಥ ಸ್ಲೈಡ್ ಫಿಲ್ಮು ಮಂದ, ಮೇಲಾಗಿ ಹಟಮಾರಿ. ಬೆಳಕು ಸ್ವಲ್ಪ ಹೆಚ್ಚಾದರೂ ಕ್ಷಮಿಸದು. ಮುಂಜಾನೆಯ ಮೆತ್ತನೆಯ ಬೆಳಕಿನಲ್ಲಿ ಈಜುವ ಬಾತು ಕದಡಿ ಹೋಗುತ್ತಿತ್ತು. ಹೊತ್ತೇರಿತೆಂದರೆ ನಮ್ಮ ಬಯಲಿನ ಬಿಸಿಲು ಗೊತ್ತಲ್ಲ, ನೀರು ಕನ್ನಡಿಯಾಗಿ ಕಣ್ಣು ಕುಕ್ಕುತ್ತದೆ. ರೋಲಿನಲ್ಲಿದ್ದದ್ದು 36 ಚಿತ್ರ. ಅದನ್ನು ದೂರದ ಪೇಟೆಗೆ ಕಳಿಸಿ, ತೊಳೆದು ಬರುವವರೆಗೆ ಕಾಯಬೇಕು. ಹಳ್ಳಿಯ ಹವ್ಯಾಸಿಗೆ ಅದು ಎಟುಕದ ದ್ರಾಕ್ಷಿ. ತೆಗೆದ ಕ್ಷಣವೇ ತೋರಿಸುವ ಡಿಜಿಟಲ್ ಕ್ಯಾಮೆರಾ ಬಂದ ಮೇಲೆಯೇ ನಮ್ಮ ತಾಲ್ಲೂಕಿನ ಹುಡುಗರ ಕೈಗೆ ಬಾತಿನ ಬಣ್ಣ ದಕ್ಕಿದ್ದು.

ನನ್ನ ತಮ್ಮನ ಮಗ ಅಂಥವರಲ್ಲೊಬ್ಬ. ಒಂದು ಜನವರಿಯಲ್ಲಿ ಅವನ ಜೊತೆ ಅಂಕಸಮುದ್ರದ ಕೆರೆಗೆ ಹೋಗಿದ್ದೆ. "ಅತ್ತೆ, ಮಾತಾಡಬ್ಯಾಡ್ರಿ, ಅದು ತಲೆ ತಿರುಗಸ್ತೈತಿ" ಎಂದು ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂತ. "ಪಕ್ಕದಾಗ ಹೆಣ್ಣು ಐತಲ್ಲೋ, ಅದನ್ನ ಯಾಕ ತಗಿಯಂಗಿಲ್ಲ?" ಎಂದು ಕೇಳಿದೆ. "ಅದರಾಗ ಏನೈತ್ರಿ, ಕಂದು" ಎಂದ. ಬೇಸರವಾಯಿತು. ಗೂಡಿನಲ್ಲಿ ಕೂತಾಗ ನರಿಯ ಕಣ್ಣಿಗೆ ಬೀಳದಿರಲೆಂದೇ ಆ ಕಂದು. ಗಂಡುಗಳ ಬೆಡಗಾದರೂ ವರ್ಷವಿಡೀ ಇರುವುದಲ್ಲ. ಮರಿಯ ಕಾಲ ಮುಗಿದ ಮೇಲೆ ಪುಕ್ಕ ಉದುರಿ ಅವೂ ಹೆಣ್ಣಿನಂತೆಯೇ ಕಾಣುತ್ತವೆ. ವಲಸೆ ಬರುವ ಹೊಸತರಲ್ಲಿ ಹಲವು ಗಂಡುಗಳು ಅದೇ ಸಾದಾ ಉಡುಗೆಯಲ್ಲಿರುತ್ತವೆ. ಡಿಸೆಂಬರ್, ಜನವರಿಯ ಹೊತ್ತಿಗೆ ನಮ್ಮ ಕೆರೆಯಲ್ಲೇ ಹೊಸ ಪುಕ್ಕ ತುಂಬಿಕೊಂಡು ಸಿಂಗಾರಗೊಳ್ಳುತ್ತವೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಅಂಕಸಮುದ್ರ ಶತಮಾನಗಳ ಹಿಂದೆ ಹೊಲಕ್ಕೆ ನೀರುಣಿಸಲು ಕಟ್ಟಿಸಿದ ಕೆರೆ, ಹಕ್ಕಿಗಾಗಿ ಕಟ್ಟಿದ್ದಲ್ಲ. ನೀರಿನ ನಡುವೆ ನಿಂತ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದವು. ಬೊಮ್ಮನಹಳ್ಳಿ, ಹೊಸಪೇಟೆಯ ಹವ್ಯಾಸಿಗಳು ತೆಗೆದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2017ರಲ್ಲಿ ಸರ್ಕಾರ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಸಾರಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದಿಂದ ಹುಟ್ಟಿದ ಜಾಗತಿಕ ಪಟ್ಟಿ ಅದು. ಸುಮಾರು 98 ಹೆಕ್ಟೇರಿನ ಈ ಕೆರೆಗೆ ಆ ದಾಖಲೆ ಕೊಡುವ ಲೆಕ್ಕ 240 ಜಾತಿಯ ಹಕ್ಕಿಗಳು. ಗೂಡು ಕಟ್ಟುವ, ತಂಗುವ ನೀರುಹಕ್ಕಿಗಳು 30 ಸಾವಿರಕ್ಕೂ ಮೇಲೆ. ಹಿಂದೆ ಇಂಥ ಹಕ್ಕಿ ಇಲ್ಲಿದೆ ಎಂದು ನಂಬಿಸಲು ಸತ್ತ ಹಕ್ಕಿಯನ್ನೇ ತೋರಿಸಬೇಕಿತ್ತು. ಈಗ ಒಂದು ಚಿತ್ರ ಸಾಕು.

ಇನ್ನು ಚಕ್ರವಾಕ. ರಾತ್ರಿಯಾದರೆ ಜೋಡಿ ಅಗಲಿ ನದಿಯ ಆ ದಡದಲ್ಲೊಂದು ಈ ದಡದಲ್ಲೊಂದು ಕೂಗಿ ಕೊರಗುತ್ತವೆ ಎಂದು ನಮ್ಮ ಹಳೆಯ ಕವಿಗಳು ಅವುಗಳಿಗೆ ವಿರಹ ಅಂಟಿಸಿದರು. ಬ್ರಾಹ್ಮಿಣಿ ಬಾತು ಎಂದು ಕರೆಯುವುದು ಇದನ್ನೇ. ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಚಳಿಗಾಲದಲ್ಲಿ ಬರುತ್ತದೆ. ಇದರ ಕಾವಿಬಣ್ಣ ಹೊಳಪಿನ ಆಟವಲ್ಲ, ಪುಕ್ಕದಲ್ಲೇ ಬೆರೆತದ್ದು; ಆದ್ದರಿಂದ ಮೋಡ ಮುಸುಕಿದರೂ ಬಣ್ಣ ಕೈಬಿಡುವುದಿಲ್ಲ, ಹೊಸಬರ ಕ್ಯಾಮೆರಾಕ್ಕೂ ಒಲಿಯುತ್ತದೆ. ಹಿನ್ನೀರಿನ ದಡದಲ್ಲಿ ಇನ್ನೂ ಸೂರ್ಯ ಮೂಡದ ಹೊತ್ತಿನಲ್ಲಿ ನನ್ನ ಸೋದರಳಿಯ ತೆಗೆದ ಒಂದು ಚಿತ್ರ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಕವಿಗಳ ಲೆಕ್ಕದಲ್ಲಿ ಬೇರೆ ಬೇರೆ ದಡದಲ್ಲಿರಬೇಕಾದ ಗಂಡು-ಹೆಣ್ಣು ಅದರಲ್ಲಿ ಒಂದೇ ಕೆಸರಿನ ದಿಬ್ಬದ ಮೇಲೆ, ಪಕ್ಕಪಕ್ಕದಲ್ಲಿ, ನಿದ್ದೆಗಣ್ಣಿನಲ್ಲಿ ನಿಂತಿವೆ.